ಕ್ವಾಂಟಂ ಗ್ರೂಪ್: ಕೈಲೆಕ್ಕದಿಂದ ನಾನು ಕಲಿತ ಬಗೆ

ಕ್ವಾಂಟಂ ಗ್ರೂಪ್ (ಸಿಮೆಟ್ರಿಯ ಬೀಜಗಣಿತವನ್ನು ಒಂದು ಪ್ಯಾರಾಮೀಟರ್‌ನಿಂದ ತುಸು ಬದಲಿಸಿ ಪಡೆದ ರಚನೆ) ಕಲಿಯಬೇಕೆಂದು ಕೂತವರಿಗೆ ನಾನು ಹೇಳುವುದು ಇಷ್ಟೇ: ಎರಡು ಆಯಾಮದ ಒಂದು ಮಾಡ್ಯೂಲ್ (ಆ ರಚನೆ ಕೆಲಸ ಮಾಡುವ ವೆಕ್ಟರ್ ಸ್ಪೇಸ್) ತಗೊಳ್ಳಿ, ಅದನ್ನು ಅದರ ಜತೆಗೇ ಟೆನ್ಸರ್ ಮಾಡಿ (ಅಂದರೆ ಎರಡು ಪ್ರತಿಗಳನ್ನು ⊗ ಎಂಬ ಗುಣಾಕಾರದಿಂದ ಜೋಡಿಸಿ), ಪೆನ್ನು ಹಿಡಿದು ಕೊನೆತನಕ ಲೆಕ್ಕ ಮಾಡಿ. ಇದರ ಹಿಂದಿನ ಅಮೂರ್ತ ಚೌಕಟ್ಟಾದ ಹಾಪ್ಫ್ ಆಲ್ಜಿಬ್ರಾದ ವ್ಯಾಖ್ಯೆಗಳನ್ನು ಆಮೇಲೆ ಓದಿದರೂ ನಡೆಯುತ್ತದೆ. ನಾನು ಕಲಿತದ್ದು ಹಾಗೆಯೇ. ಕಲಬುರಗಿಯ ಬೇಸಿಗೆ ಎಂದರೆ ಗೊತ್ತಲ್ಲ, ಹತ್ತು ಗಂಟೆಯ ಮೇಲೆ ತಲೆ ಓಡುವುದಿಲ್ಲ. ಹಾಗಾಗಿ ಕಾಲೇಜಿಗೆ ರಜೆ ಇದ್ದಾಗ ಆಳಂದ ರಸ್ತೆಯ ಮನೆಯಲ್ಲಿ ಬೆಳಗಿನ ಜಾವವೇ ಕೂರುತ್ತಿದ್ದೆ.

1985ರ ಸುಮಾರಿಗೆ ಗಣಿತಜ್ಞರಾದ ಡ್ರಿನ್‌ಫೆಲ್ಡ್ ಮತ್ತು ಜಿಂಬೊ, ಒಬ್ಬರನ್ನೊಬ್ಬರು ಅವಲಂಬಿಸದೆ, ಈ ರಚನೆಗೆ ರೂಪ ಕೊಟ್ಟರು. ಅದರ ಹಿಂದಿದ್ದದ್ದು ಯಾಂಗ್–ಬ್ಯಾಕ್ಸ್‌ಟರ್ ಸಮೀಕರಣ (ಮೂರನ್ನು ಎರಡೆರಡಾಗಿ ಯಾವ ಕ್ರಮದಲ್ಲಿ ದಾಟಿಸಿ ತಿರುವುಮುರುವು ಮಾಡಿದರೂ ಫಲ ಒಂದೇ ಎನ್ನುವ ನಿಯಮ). ಎಲ್ಲಕ್ಕಿಂತ ಚಿಕ್ಕ ಉದಾಹರಣೆ ಎಸ್ಎಲ್-2ರದ್ದು (ಕರ್ಣದ ಮೊತ್ತ ಸೊನ್ನೆಯಿರುವ ಎರಡು ಬೈ ಎರಡು ಮ್ಯಾಟ್ರಿಕ್ಸ್‌ಗಳ ಬೀಜಗಣಿತ). ಅಲ್ಲಿ ಇ, ಎಫ್, ಕೆ ಎಂಬ ಮೂರು ಜನರೇಟರ್‌ಗಳು (ಕೆ-ಗೆ ವಿಲೋಮವೂ ಉಂಟು), ಜತೆಗೆ ಕ್ಯೂ ಎಂಬ ಒಂದು ಪ್ಯಾರಾಮೀಟರ್. ಮಾಮೂಲಿ 2, 3ರ ಜಾಗಕ್ಕೆ [2] = ಕ್ಯೂ + ಕ್ಯೂ⁻¹, [3] = ಕ್ಯೂ² + 1 + ಕ್ಯೂ⁻² ಬರುತ್ತವೆ. ಕ್ಯೂ 1 ಆದರೆ ಹಳೆಯ ಅಂಕಿಗಳೇ.

ಈಗ ಲೆಕ್ಕ. ಬೇಸಿಸ್ ಅ, ಬ ಎಂದಿರಲಿ. ಎಫ್ ಅ-ವನ್ನು ಬ ಮಾಡುತ್ತದೆ. ಕೆ ಅ-ವನ್ನು ಕ್ಯೂ-ನಿಂದಲೂ ಬ-ವನ್ನು ಕ್ಯೂ⁻¹-ನಿಂದಲೂ ಗುಣಿಸುತ್ತದೆ. ಟೆನ್ಸರ್ ಮೇಲೆ ಎಫ್ ನಡೆಯುವುದು ಕೆ⁻¹⊗ಎಫ್ + ಎಫ್⊗1 ಎಂಬ ನಿಯಮದಿಂದ. ಅ⊗ಅ-ಗೆ ಹಚ್ಚಿದರೆ ಸಿಗುವುದು ಕ್ಯೂ⁻¹ ಅ⊗ಬ + ಬ⊗ಅ. ಇದರ ಎಡಬಲ ಅದಲುಬದಲು ಮಾಡಿ ನೋಡಿ: ಕ್ಯೂ⁻¹ ಬ⊗ಅ + ಅ⊗ಬ. ಕ್ಯೂ² = 1 ಆಗದಿದ್ದರೆ ಇದು ಮೊದಲಿನದರ ಗುಣಕವಲ್ಲ. ಆದರೆ ಅ⊗ಅ ಅದಲುಬದಲಿನಲ್ಲೂ ಹಾಗೇ ಉಳಿಯುತ್ತದೆ! ಅಂದರೆ ಬರೀ ಅದಲುಬದಲು ಇಲ್ಲಿ ಮಾಡ್ಯೂಲ್ ಮ್ಯಾಪ್ (ಎಫ್ ಮೊದಲು ಹಚ್ಚಿದರೂ ಆಮೇಲೆ ಹಚ್ಚಿದರೂ ಒಂದೇ ಫಲ ಕೊಡುವಂಥದ್ದು) ಅಲ್ಲವೇ ಅಲ್ಲ. ಈ ಅದಲುಬದಲನ್ನು ತಿದ್ದುವ ಆರ್-ಮ್ಯಾಟ್ರಿಕ್ಸ್ ಯಾಕೆ ಬೇಕು ಎಂಬುದು ನನಗೆ ಹೊಳೆದದ್ದು ಈ ಸಾಲಿನಲ್ಲಿ. ಆರ್ ಸೇರಿಸಿ ಅದಲುಬದಲನ್ನು ತಿದ್ದಿ, ಸರಿಯಾದ ಸ್ಕೇಲ್ ಕೊಟ್ಟರೆ (ಟೆನ್ಸರ್‌ನ ನಾಲ್ಕು ಆಯಾಮ ಮೂರು, ಒಂದು ಎಂದು ಒಡೆಯುತ್ತದೆ) ಮೂರು ಆಯಾಮದ ಭಾಗದ ಮೇಲೆ ಕ್ಯೂ, ಒಂದು ಆಯಾಮದ ಭಾಗದ ಮೇಲೆ −ಕ್ಯೂ⁻¹ ಐಗನ್‌ಮೌಲ್ಯಗಳಾಗಿ, ಅಂದರೆ ಆ ಭಾಗದ ವೆಕ್ಟರ್‌ಗಳನ್ನು ಗುಣಿಸುವ ಸಂಖ್ಯೆಗಳಾಗಿ, ಬರುತ್ತವೆ. ಎರಡು ಸಲ ಮಾಡಿದರೂ ಮೊದಲಿನ ಸ್ಥಿತಿಗೆ ಮರಳುವುದಿಲ್ಲ, ಜಡೆ ಹೆಣೆದಂತೆ. ಗಣಿತಜ್ಞ ಜೋನ್ಸ್ 1984ರಲ್ಲಿ ಕಂಡ ಗಂಟಿನ ಪಾಲಿನೋಮಿಯಲ್‌ಗೆ ದಾರಿ ಇಲ್ಲಿಂದಲೇ.

ಕ್ಯೂ ಯೂನಿಟಿಯ ಮೂಲವಲ್ಲದಿದ್ದರೆ (ಅಂದರೆ ಅದರ ಯಾವ ಘಾತವೂ 1 ಆಗದಿದ್ದರೆ) ಸೀಮಿತ ಆಯಾಮದ ಮಾಡ್ಯೂಲ್‌ಗಳೆಲ್ಲ ಸರಳ ಭಾಗಗಳಾಗಿ, ಒಳಗೆ ಇನ್ನೂ ಚಿಕ್ಕ ಮಾಡ್ಯೂಲ್ ಇಲ್ಲದ ತುಂಡುಗಳಾಗಿ, ಒಡೆಯುತ್ತವೆ. ಹೆಚ್ಚುಕಮ್ಮಿ ಹಳೆಯ ಎಸ್ಎಲ್-2ರ ಕಥೆಯೇ. ನನ್ನ ಆಸಕ್ತಿ ಇರುವುದು ಯೂನಿಟಿಯ ಮೂಲಗಳಲ್ಲಿ. ಕ್ಯೂ³ = 1 (ಕ್ಯೂ ಮಾತ್ರ 1 ಅಲ್ಲ) ಎಂದಿಡಿ, [3] ಸೊನ್ನೆಯಾಗುತ್ತದೆ. ನಾಲ್ಕು ಆಯಾಮದ ಮಾಡ್ಯೂಲ್‌ನಲ್ಲಿ ನಡುವಿನ ಎರಡು ವೆಕ್ಟರ್‌ಗಳಿಂದ ಇ, ಎಫ್ ಯಾವುದೂ ಹೊರಗೆ ಒಯ್ಯುವುದಿಲ್ಲ, ಅಲ್ಲೊಂದು ಉಪಮಾಡ್ಯೂಲ್ ನಿಂತುಬಿಡುತ್ತದೆ. ತುದಿಯ ಎರಡು ವೆಕ್ಟರ್‌ಗಳಿಂದ ಮಾತ್ರ ಎಫ್ ಇಳಿದು, ಇ ಏರಿ, ನಡುವಿಗೆ ಬಂದು ಸೇರುತ್ತವೆ. ಹಾಗಾಗಿ ಪೂರಕ ಉಪಮಾಡ್ಯೂಲ್ ಸಿಗುವುದಿಲ್ಲ, ಮಾಡ್ಯೂಲ್ ಒಡೆಯುವುದಿಲ್ಲ. ನನ್ನ ಹತ್ತಿರ ಬರುವ ಎಂಎಸ್ಸಿ ಹುಡುಗರಿಗೆ ಈಗ ಮೊದಲ ದಿನವೇ ಈ ನಾಲ್ಕು ಬೈ ನಾಲ್ಕು ಮ್ಯಾಟ್ರಿಕ್ಸ್‌ಗಳನ್ನು ಬರೆಸುತ್ತೇನೆ.