ಜರ್ಮನ್ ಗೆಳತಿಯ ಜೊತೆ ಅನುವಾದ ಕಲಿಯುವುದು

ಮೊದಲು ಚಿಕ್ಕ ಕಥೆ ಆರಿಸಿ, ಒಂದು ಪುಟ ಸಾಕು. ನಾನು ಮೈಸೂರಿನಲ್ಲಿ, ಅವಳು ಜರ್ಮನಿಯಲ್ಲಿ. ಬೇಸಿಗೆಯಲ್ಲಿ ಮೂರೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ನಾಲ್ಕೂವರೆ. ಅಕ್ಟೋಬರ್ ಕೊನೆಯಲ್ಲಿ ಅವರ ಗಡಿಯಾರ ಬದಲಾಗುತ್ತದೆ. ಅದು ಗೊತ್ತಿಲ್ಲದೆ ನಾನು ಒಂದು ಗಂಟೆ ಸುಮ್ನೆ ಕಾದೆ.

ಇಬ್ಬರೂ ಬೇರೆ ಬೇರೆ ಕರಡು ಮಾಡಿ, ಗಟ್ಟಿಯಾಗಿ ಓದಿ. ತಡವರಿಸಿದ ಕಡೆ ನಿಲ್ಲಿಸಿ, ಕೇಳಿ. ನಿಘಂಟು ಆಮೇಲೆ. ನಮ್ಮ ಕಥೆಯಲ್ಲಿ ಅಜ್ಜಿ 'ಹೋಗಿ ಬರ್ತೀನಿ' ಅಂದಳು. 'ಮತ್ತೆ ಎಷ್ಟೊತ್ತಿಗೆ ಬಂದಳು?' ಎಂದು ಗೆಳತಿ ಕೇಳಿದಳು! ಬರೀ 'ಹೋಗ್ತೀನಿ' ಅನ್ನಬಾರದು ಅಲ್ವಾ? ಅದನ್ನು ವಿವರಿಸಲು ಅರ್ಧ ಗಂಟೆ ಹಿಡಿಯಿತು. ಕೊನೆಗೆ 'ಬಿಸ್ ಬಾಲ್ಟ್' ಎಂದು ಬರೆದೆವು, ಬೇಗ ಸಿಗೋಣ ಅಂತ. ನನಗಿನ್ನೂ ಸಮಾಧಾನವಿಲ್ಲ.

ಅವಳ 'ಫೈಯರ್‌ಆಬೆಂಡ್' ನನ್ನನ್ನು ಕಾಡಿತು: ದಿನದ ಕೆಲಸ ಮುಗಿದ ಮೇಲಿನ ಬಿಡುವು. ಇಂಥ ಪದಗಳಿಗೆ ಒಂದು ನೋಟ್‌ಬುಕ್ ಇಡಿ.