ಜೀಪ್ ಎಂಜಿನ್: ಕನೆಕ್ಟಿಂಗ್ ರಾಡ್ ಬಿಗಿಯುವ ಕ್ರಮ

ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನ ನಾಲ್ಕು ಸಿಲಿಂಡರ್ ಎಂಜಿನ್ ಮತ್ತೆ ಜೋಡಿಸುವಾಗ ಅತಿ ಹೆಚ್ಚು ಎಚ್ಚರ ಬೇಕಾದದ್ದು ಕನೆಕ್ಟಿಂಗ್ ರಾಡಿನ, ಅಂದರೆ ಪಿಸ್ಟನ್ನನ್ನು ಕ್ರ್ಯಾಂಕಿಗೆ (ಎಂಜಿನ್ನಿನ ತಿರುಗುವ ಮುಖ್ಯ ದಂಡಕ್ಕೆ) ಜೋಡಿಸುವ ಸರಳಿನ, ಬೋಲ್ಟುಗಳ ಹತ್ತಿರ. ಹೊಗೆ ಹೊರದಬ್ಬಿದ ಪಿಸ್ಟನ್ ಮೇಲ್ತುದಿಯಲ್ಲಿ ನಿಂತು ಹಿಂದಿರುಗುವಾಗ ಅದನ್ನು ಕೆಳಕ್ಕೆ ಎಳೆಯುವ ಭಾರವೆಲ್ಲ ಇವುಗಳ ಮೇಲೆ ಬೀಳುತ್ತದೆ. ಒಂದು ಬೋಲ್ಟು ತುಂಡಾದರೂ ರಾಡ್ ಬ್ಲಾಕನ್ನೇ ಒಡೆದು ಹೊರಬರಬಹುದು.

ಬಿಚ್ಚುವಾಗಲೇ ರಾಡಿನ ಮೇಲೂ ಕ್ಯಾಪಿನ (ರಾಡಿನ ಕೆಳತುದಿಗೆ ಬೋಲ್ಟಿನಿಂದ ಕೂರುವ ಅರ್ಧ ಬಳೆಯ) ಮೇಲೂ ಇರುವ ಸಂಖ್ಯೆ ನೋಡಿ, ಅದು ಯಾವ ಬದಿಗಿತ್ತು ಎಂಬುದನ್ನೂ ಬರೆದಿಡಿ. ಕ್ಯಾಪನ್ನು ಅದರದೇ ರಾಡಿಗೆ ಕೂರಿಸಿ ತೂತು ಕೊರೆದಿರುತ್ತಾರೆ. ಅದಲುಬದಲಾದರೆ ತೂತಿನ ದುಂಡು ಕೆಡುತ್ತದೆ. ಬೇರಿಂಗ್ ಸಡಿಲವಾಗಿದೆಯೆಂದು ಕ್ಯಾಪನ್ನು ಅರ ಹಾಕಿ ಉಜ್ಜುವ ಹಳೆಯ ಚಾಳಿ ಬೇಡವೇ ಬೇಡ. ಕ್ರ್ಯಾಂಕ್ ಗ್ರೈಂಡ್ ಮಾಡಿಸಿ, ಆ ಅಳತೆಗೆ ತಕ್ಕ ಬೇರಿಂಗ್ ಹಾಕಿ.

ಹೊಸ ಬೋಲ್ಟು, ಹೊಸ ನಟ್ಟು ಸಿಕ್ಕರೆ ಹಳೆಯವನ್ನು ಬಳಸಬೇಡಿ. ಬಳಸಲೇಬೇಕಾದರೆ ಥ್ರೆಡ್ಡನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ನಟ್ಟನ್ನು ಬೆರಳಿನಿಂದಲೇ ತುದಿಯಿಂದ ಬುಡದವರೆಗೆ ಓಡಿಸಿ. ನಡುವೆ ಒಂದೇ ಕಡೆ ಬಿಗಿ ಹಿಡಿದರೆ ಬೋಲ್ಟು ಅಲ್ಲಿ ಹಿಗ್ಗಿದೆ ಎಂದು ಅನುಮಾನಿಸಿ ತೆಗೆದುಹಾಕಿ. ಬೋಲ್ಟಿನ ತಲೆ ರಾಡಿನ ಹೆಗಲಿಗೆ ಸಪಾಟಾಗಿ ಕೂರಬೇಕು. ಅದರಡಿ ಕಸದ ಒಂದು ಕಣ ಉಳಿದರೂ ಬೋಲ್ಟು ಬಾಗುತ್ತದೆ.

ಪಿಸ್ಟನ್ ಇಳಿಸುವ ಮುನ್ನ ಬೋಲ್ಟುಗಳಿಗೆ ರಬ್ಬರ್ ಟ್ಯೂಬಿನ ತುಂಡು ತೊಡಿಸಿ, ಆಗ ಕ್ರ್ಯಾಂಕ್ ಪಿನ್ (ಕ್ರ್ಯಾಂಕಿನಲ್ಲಿ ರಾಡ್ ಕೂರುವ ನುಣುಪು ಭಾಗ) ಗೀಚುವುದಿಲ್ಲ. ಪ್ಲಾಸ್ಟಿಗೇಜ್ (ಒತ್ತಿದಾಗ ಚಪ್ಪಟೆಯಾಗಿ ಸಂದಿನ ಅಳತೆ ತೋರಿಸುವ ಪ್ಲಾಸ್ಟಿಕ್ ಎಳೆ) ಇಟ್ಟು ಬೇರಿಂಗ್ ಸಡಿಲ ಅಳೆಯುವಾಗ ಕ್ರ್ಯಾಂಕ್ ತಿರುಗಿಸಬೇಡಿ. ಅಳತೆ ಸರಿಯಿದ್ದರೆ ಪ್ಲಾಸ್ಟಿಗೇಜ್ ಪೂರಾ ಒರೆಸಿ, ಬೇರಿಂಗಿಗೆ ಧಾರಾಳವಾಗಿ ಎಣ್ಣೆ ಬಿಟ್ಟು ಕ್ಯಾಪ್ ಕೂರಿಸಿ.

ಥ್ರೆಡ್ಡಿಗೂ ನಟ್ಟಿನ ಮುಖಕ್ಕೂ ಎಂಜಿನ್ ಎಣ್ಣೆ ತೆಳುವಾಗಿ ಸವರಿ. ಒಣ ಥ್ರೆಡ್ಡಿನಲ್ಲಿ ಟಾರ್ಕ್ ವ್ರೆಂಚಿನ (ತಿರುಗಿಸುವ ಬಲವನ್ನು ಮುಳ್ಳಿನಿಂದ ತೋರಿಸುವ ವ್ರೆಂಚಿನ) ಬಲದ ಬಹುಪಾಲು ಉಜ್ಜಾಟಕ್ಕೇ ಹೋಗುತ್ತದೆ. ಮುಳ್ಳು ಸರಿಯಾದ ಅಂಕಿ ತೋರಿಸಿದರೂ ಬೋಲ್ಟು ಸಾಕಷ್ಟು ಬಿಗಿದಿರುವುದಿಲ್ಲ. ಎರಡೂ ನಟ್ಟುಗಳನ್ನು ಸರದಿಯಂತೆ ಮೊದಲು 20, ಆಮೇಲೆ 35, ಕೊನೆಗೆ 50ರಿಂದ 55 ಅಡಿ-ಪೌಂಡಿಗೆ ತನ್ನಿ. ಯುದ್ಧಕಾಲದ ಸೇನಾ ಕೈಪಿಡಿಯ ಅಂಕಿ ಇದು, ಕಿಲೋಗ್ರಾಂ-ಮೀಟರ್ ವ್ರೆಂಚಿನಲ್ಲಿ ಸುಮಾರು 6.9ರಿಂದ 7.6. ಇದೇ ಕುಲದ ನಂತರದ ಎಂಜಿನ್‌ಗಳಿಗೂ ಬೇರೆ ಕಂಪನಿಯ ಬೋಲ್ಟುಗಳಿಗೂ ಅಂಕಿ ಬೇರೆಯಿರಬಹುದು, ಅವುಗಳದ್ದೇ ನೋಡಿಕೊಳ್ಳಿ. ವ್ರೆಂಚನ್ನು ನಿಧಾನವಾಗಿ ಎಳೆಯಬೇಕು, ಜಗ್ಗಬಾರದು.

ಒಂದೊಂದು ರಾಡ್ ಬಿಗಿದ ಕೂಡಲೇ ಕ್ರ್ಯಾಂಕ್ ಕೈಯಿಂದ ಪೂರ್ತಿ ಒಂದು ಸುತ್ತು ತಿರುಗಿಸಿ. ನಾಲ್ಕನ್ನೂ ಬಿಗಿದ ಮೇಲೆ ಕ್ರ್ಯಾಂಕ್ ತಿರುಗದೆ ಹಿಡಿದುಕೊಂಡರೆ ತಪ್ಪು ಯಾವುದರಲ್ಲಿದೆ ಎಂದು ಹುಡುಕಲು ಮತ್ತೆ ಎಲ್ಲ ಬಿಚ್ಚಬೇಕಾಗುತ್ತದೆ. ರಾಡಿನ ಪಕ್ಕದ ಸಂದು ಫೀಲರ್ ಗೇಜಿಗೆ (ಸಂದು ಅಳೆಯುವ ತೆಳು ಪಟ್ಟಿಗಳಿಗೆ) 0.004ರಿಂದ 0.010 ಇಂಚಿನೊಳಗೆ ಸಿಗಬೇಕು.

ಕೊನೆಗೆ ಪ್ರತಿ ಬೋಲ್ಟಿಗೂ, ದೊಡ್ಡ ನಟ್ಟು ಸಡಿಲವಾಗದಂತೆ ತಡೆಯುವ ತೆಳು ತಗಡಿನ ಲಾಕ್ ನಟ್ಟು. ಅದರ ಸಪಾಟು ಮುಖ ದೊಡ್ಡ ನಟ್ಟಿನ ಕಡೆಗಿರಲಿ. ಬೆರಳಿನಿಂದ ಮುಟ್ಟುವಷ್ಟು ತಿರುಗಿಸಿ, ಸ್ಪ್ಯಾನರಿನಿಂದ ಮೂರನೇ ಒಂದು ಸುತ್ತು ಹಾಕಿದರೆ ಸಾಕು. ಹೆಚ್ಚು ತಿರುವಿದರೆ ತಗಡಿನ ಹಲ್ಲು ಜಾರಿ ಹಿಡಿತವೇ ಹೋಗುತ್ತದೆ. ಒಮ್ಮೆ ಬಿಚ್ಚಿದ್ದನ್ನು ಮತ್ತೆ ಹಾಕಬೇಡಿ, ಎಂಟೂ ಹೊಸವೇ ಇರಲಿ.