ಬ್ಯಾಂಕ್ ಬದಲಿಸಿದರೆ ದುಡ್ಡು: ಬ್ರಿಟನ್ನಿನಲ್ಲಿ ‘ಹರಕೆ ಕುರಿ’ ಖಾತೆ ಸಾಕುವುದು ಹೇಗೆ?

ಬ್ಯಾಂಕ್ ಬದಲಿಸಿದ್ದಕ್ಕೆ 175 ಪೌಂಡ್ ಬಂತು ಅಂತ ಉಡುಪಿಯಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ನಮ್ಮ ರೂಪಾಯಿಯಲ್ಲಿ ಹತ್ತಿರ ಹತ್ತಿರ 20 ಸಾವಿರ. ‘ಬ್ಯಾಂಕಿನವರು ನಿನಗೆ ದುಡ್ಡು ಕೊಡುದಾ? ಎಂತದೋ ಮೋಸ ಉಂಟು ಮಾರಾಯ, ಜಾಗ್ರತೆ’ ಅಂದರು. ಅಮ್ಮನ ತಪ್ಪಿಲ್ಲ. ಅವರು ಕಂಡ ಬ್ಯಾಂಕು ಮನೆ ಬಾಗಿಲಿಗೇ ಬಂದು ದುಡ್ಡು ಒಯ್ಯುವಂಥದ್ದು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಶುರು ಮಾಡಿದ್ದು ನಮ್ಮ ಆ ಸೀಮೆಯಲ್ಲೇ. ದಿನಕ್ಕೆ ಎರಡಾಣೆ ಕೊಟ್ಟರೂ ತಗೊಳ್ಳುತ್ತಿದ್ದರು. ಈ ದೇಶದಲ್ಲಿ ಅದು ಉಲ್ಟಾ: ನಾವು ಬ್ಯಾಂಕಿನ ಬಾಗಿಲಿಗೆ ಹೋದರೆ ಅವರು ದುಡ್ಡು ಕೊಡುತ್ತಾರೆ.

ಮೋಸ ಇಲ್ಲ. ಷರತ್ತು ಮಾತ್ರ ಜಾಸ್ತಿ.

ಕೊಡುವುದೇಕೆ ಅನ್ನುವುದಕ್ಕೆ ಉತ್ತರ ಸರಳ. ಸಂಬಳ ಬೀಳುವ ಕರೆಂಟ್ ಅಕೌಂಟ್ ಯಾವ ಬ್ಯಾಂಕಿನಲ್ಲಿದೆಯೋ, ಮನೆ ಸಾಲ, ಕ್ರೆಡಿಟ್ ಕಾರ್ಡ್, ಉಳಿತಾಯ ಎಲ್ಲ ನಿಧಾನಕ್ಕೆ ಆ ಬ್ಯಾಂಕಿಗೇ ಹೋಗುತ್ತವೆ. ಇಲ್ಲಿಯ ಜನ ಖಾತೆ ಬದಲಿಸಲು ಹೆದರುತ್ತಿದ್ದರು, ನಾಲ್ಕೈದು ದೊಡ್ಡ ಬ್ಯಾಂಕುಗಳು ಆರಾಮಾಗಿ ಕೂತಿದ್ದವು. ಬ್ಯಾಂಕುಗಳ ಸುಧಾರಣೆಗೆಂದು ಸರ್ಕಾರ ನೇಮಿಸಿದ್ದ ಸರ್ ಜಾನ್ ವಿಕರ್ಸ್ ಆಯೋಗ 2011ರಲ್ಲಿ ಇದನ್ನು ಸರಿಪಡಿಸಲು ಹೇಳಿತು. 2013ರ ಸೆಪ್ಟೆಂಬರಿನಲ್ಲಿ, ಖಾತೆಯನ್ನು ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಸಾಗಿಸಿಕೊಡುವ ಕರೆಂಟ್ ಅಕೌಂಟ್ ಸ್ವಿಚ್ ಸರ್ವಿಸ್ ಬಂತು. ಇದಕ್ಕೆ ಎಲ್ಲರೂ ‘ಕ್ಯಾಸ್’ ಅನ್ನುತ್ತಾರೆ. ಅಂದಿನಿಂದ ಒಂದು ಬ್ಯಾಂಕಿನ ಗಿರಾಕಿಯನ್ನು ಇನ್ನೊಂದು ಬ್ಯಾಂಕು ದುಡ್ಡು ಕೊಟ್ಟು ಎಳೆಯುವುದು ಮಾಮೂಲಾಯಿತು. 2025ರಲ್ಲಿ ಬಂದ ಆಫರುಗಳು ಬಹುಪಾಲು 150ರಿಂದ 200 ಪೌಂಡಿನ ಆಸುಪಾಸಿನಲ್ಲಿದ್ದವು.

ಮೊದಲು ಕುರಿ ಹುಡುಕಿ

ನಿಮ್ಮ ಸಂಬಳದ ಖಾತೆಯನ್ನು ಮುಟ್ಟಬೇಡಿ. ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನೇ ಇಟ್ಟುಕೊಳ್ಳಿ. ಸಂಬಳ, ಬಾಡಿಗೆ, ಮಗುವಿನ ನರ್ಸರಿ ಫೀಸು ಎಲ್ಲ ಓಡುವ ಖಾತೆಯನ್ನು 175 ಪೌಂಡಿಗಾಗಿ ಅಲುಗಾಡಿಸುವುದು ಯಾಕೆ? ಸ್ವಿಚ್ ಮಾಡಲಿಕ್ಕೆಂದೇ ಎರಡನೆಯ ಖಾತೆಯೊಂದನ್ನು ತೆರೆಯಿರಿ. ನಮ್ಮ ಮನೆಯಲ್ಲಿ ಇದಕ್ಕೆ ‘ಹರಕೆ ಕುರಿ’ ಅಂತ ಹೆಸರು. ಹೆಂಡತಿ ‘ಈ ವರ್ಷದ ಕುರಿ ಯಾವುದ್ರೀ?’ ಅಂತಲೇ ಕೇಳುವುದು.

ಮೊಂಜೋ, ಸ್ಟಾರ್ಲಿಂಗ್‌ನಂಥ ಆ್ಯಪ್ ಬ್ಯಾಂಕುಗಳಲ್ಲಿ ಇಂಥ ಖಾತೆಯನ್ನು ಫೋನಿನಲ್ಲೇ ತೆರೆಯಬಹುದು. ಎರಡೂ ಕ್ಯಾಸ್ ವ್ಯವಸ್ಥೆಯೊಳಗಿವೆ. ಹೊಸದಾಗಿ ಬಂದವರು, ಕ್ರೆಡಿಟ್ ಇತಿಹಾಸ ಇನ್ನೂ ಬೆಳೆಯದವರು ಅವಸರ ಮಾಡಬೇಡಿ. ಮೊದಲ ಖಾತೆ ಒಂದಷ್ಟು ತಿಂಗಳು ಸರಿಯಾಗಿ ನಡೆಯಲಿ.

ಕುರಿ ಪ್ರತಿ ಸಲ ಬಲಿಯಾಗುತ್ತದೆ, ಅಂದರೆ ಸ್ವಿಚ್ ಆದ ದಿನ ಹಳೆಯ ಖಾತೆ ಮುಚ್ಚಿಹೋಗುತ್ತದೆ. ಹಾಗಾದರೆ ಮುಂದಿನ ಸಲಕ್ಕೆ? ಈಗ ಬೋನಸ್ ಕೊಟ್ಟ ಖಾತೆಯೇ ಮುಂದಿನ ಕುರಿ.

ಷರತ್ತು ಓದುವಾಗ ಕಣ್ಣಿಡಬೇಕಾದ ಜಾಗ

ಆಫರ್ ಪುಟದ ದೊಡ್ಡಕ್ಷರಗಳನ್ನು ಬಿಟ್ಟುಬಿಡಿ, ಕೆಳಗಿನ ಸಣ್ಣಕ್ಷರ ಓದಿ. ಮೊದಲನೆಯದು, ನೀವು ಅರ್ಹರೇ ಅನ್ನುವುದು. ಈ ಹಿಂದೆ ಅದೇ ಬ್ಯಾಂಕಿನಿಂದ ಬೋನಸ್ ತಗೊಂಡಿದ್ದರೆ ಬಹುತೇಕ ಕಡೆ ಮತ್ತೆ ಸಿಗುವುದಿಲ್ಲ. ಕೆಲವರು ‘ಇಂಥ ವರ್ಷದ ನಂತರ ತಗೊಂಡಿದ್ದರೆ’ ಅಂತ ಗೆರೆ ಎಳೆದಿರುತ್ತಾರೆ. ಇಲ್ಲೊಂದು ದಾಯಾದಿ ಲೆಕ್ಕವೂ ಇದೆ. ಫಸ್ಟ್ ಡೈರೆಕ್ಟ್ ಎಚ್‌ಎಸ್‌ಬಿಸಿಯದು. ಹ್ಯಾಲಿಫ್ಯಾಕ್ಸ್ ಲಾಯ್ಡ್ಸ್ ಗುಂಪಿನದು. ಹೆಸರು ಬೇರೆ, ಮನೆ ಒಂದೇ. ಹಾಗಾಗಿ ಅಣ್ಣನ ಹತ್ತಿರ ತಗೊಂಡವರಿಗೆ ತಮ್ಮ ಕೊಡದೇ ಇರಬಹುದು.

ಎರಡನೆಯದು, ಏನು ಮಾಡಬೇಕು ಅನ್ನುವುದು. ಸಾಮಾನ್ಯವಾಗಿ ಕ್ಯಾಸ್ ಮೂಲಕ ಪೂರ್ತಿ ಸ್ವಿಚ್ ಆಗಬೇಕು. ‘ಪಾರ್ಷಿಯಲ್’ ಅಂತ ಒತ್ತಿದರೆ ಬೋನಸ್ ಮರೆತುಬಿಡಿ. ಎರಡು ಡೈರೆಕ್ಟ್ ಡೆಬಿಟ್ ಇರಬೇಕು. ಒಂದು ಅಥವಾ ಎರಡು ತಿಂಗಳೊಳಗೆ 1,000ವೋ 1,500ವೋ ಪೌಂಡ್ ಒಳಗೆ ಬರಬೇಕು. ಕೆಲವರಿಗೆ ಆ್ಯಪ್‌ನಲ್ಲಿ ಲಾಗಿನ್ ಆಗಬೇಕು, ಇನ್ನು ಕೆಲವರಿಗೆ ಡೆಬಿಟ್ ಕಾರ್ಡ್ ಉಜ್ಜಬೇಕು.

ಆಫರ್ ಪುಟದ ಸ್ಕ್ರೀನ್‌ಶಾಟ್ ಅವತ್ತೇ ತೆಗೆದಿಡಿ. ಈ ಆಫರುಗಳು ಇವತ್ತು ಇರುತ್ತವೆ, ನಾಳೆ ಬೆಳಗ್ಗೆ ಮಾಯ. ಮುಂದೆ ಜಗಳ ಬಂದರೆ ನಿಮ್ಮ ಕೈಯಲ್ಲಿ ಕಾಗದ ಇರಬೇಕು, ಅಲ್ವಾ?

ಡೈರೆಕ್ಟ್ ಡೆಬಿಟ್ ಅನ್ನುವ ತಲೆನೋವು

ಹೆಚ್ಚಿನವರು ಎಡವುವುದು ಇಲ್ಲೇ. ಡೈರೆಕ್ಟ್ ಡೆಬಿಟ್ ಬೇರೆ, ಸ್ಟ್ಯಾಂಡಿಂಗ್ ಆರ್ಡರ್ ಬೇರೆ. ಕಂಪನಿ ನಿಮ್ಮ ಖಾತೆಯಿಂದ ಎಳೆದುಕೊಂಡರೆ ಡೈರೆಕ್ಟ್ ಡೆಬಿಟ್. ನೀವೇ ತಳ್ಳಿದರೆ ಸ್ಟ್ಯಾಂಡಿಂಗ್ ಆರ್ಡರ್. ನೆಟ್‌ಫ್ಲಿಕ್ಸಿಗೆ ಕಾರ್ಡ್ ನಂಬರ್ ಕೊಟ್ಟಿರುತ್ತೀರಲ್ಲ, ಅದು ಎರಡೂ ಅಲ್ಲ. ಅದು ಕಾರ್ಡ್ ಪಾವತಿ. ಸ್ವಿಚ್ ಆದಾಗ ತಾನಾಗಿ ಹೊಸ ಖಾತೆಗೆ ಬರುವುದೂ ಇಲ್ಲ.

ಹಲವು ಆಫರುಗಳಲ್ಲಿ ಆ ಎರಡು ಡೈರೆಕ್ಟ್ ಡೆಬಿಟ್ ಹಳೆಯ ಖಾತೆಯಲ್ಲೇ ಇದ್ದು, ಸ್ವಿಚ್ ಜೊತೆಗೆ ಬರಬೇಕು. ಹಾಗಾಗಿ ಕುರಿಗೆ ಮೊದಲೇ ಎರಡು ಗಂಟೆ ಕಟ್ಟಿ. ಮೊಬೈಲ್ ಬಿಲ್ ಒಂದು. ಯಾವುದಾದರೂ ಧರ್ಮಕಾರ್ಯದ ಸಂಸ್ಥೆಗೆ ತಿಂಗಳಿಗೆ 2 ಪೌಂಡ್ ಇನ್ನೊಂದು. ಒಳ್ಳೆಯ ಕೆಲಸವೂ ಆಯಿತು, ಷರತ್ತೂ ಮುಗಿಯಿತು. ಕಟ್ಟಿದ ಮೇಲೆ ಕೆಲವು ದಿನ ಕಾದು, ಬ್ಯಾಂಕಿನ ಆ್ಯಪ್‌ನಲ್ಲಿ ಎರಡೂ ಕಾಣುತ್ತಿವೆಯೇ ನೋಡಿ. ಒಮ್ಮೆಯಾದರೂ ದುಡ್ಡು ಕಟ್ ಆಗಿದ್ದರೆ ಇನ್ನೂ ಒಳ್ಳೆಯದು.

ಯಾವುದನ್ನು ನಂಬಬಾರದು ಅಂತಲೂ ಹೇಳಿಬಿಡುತ್ತೇನೆ. ಕ್ರೆಡಿಟ್ ಕಾರ್ಡಿನ ಡೈರೆಕ್ಟ್ ಡೆಬಿಟ್: ಆ ತಿಂಗಳು ಬಾಕಿ ಸೊನ್ನೆ ಇದ್ದರೆ ಏನೂ ಕಟ್ ಆಗುವುದಿಲ್ಲ. ಕೌನ್ಸಿಲ್ ಟ್ಯಾಕ್ಸ್, ಅಂದರೆ ಸ್ಥಳೀಯ ಆಡಳಿತಕ್ಕೆ ಕಟ್ಟುವ ಮನೆ ತೆರಿಗೆ: ಇದನ್ನು ಸಾಮಾನ್ಯವಾಗಿ ಏಪ್ರಿಲ್‌ನಿಂದ ಜನವರಿವರೆಗೆ ಹತ್ತು ಕಂತಿನಲ್ಲಿ ತಗೊಳ್ಳುತ್ತಾರೆ. ಫೆಬ್ರವರಿ, ಮಾರ್ಚ್ ಖಾಲಿ. ತಿಂಗಳ ರಿವಾರ್ಡಿಗೆ (ಕೆಲವು ಖಾತೆಗಳು ಪ್ರತಿ ತಿಂಗಳು ಕೊಡುವ ಸಣ್ಣ ಮೊತ್ತ, ಮುಂದೆ ಹೇಳುತ್ತೇನೆ) ಇದನ್ನೇ ನೆಚ್ಚಿಕೊಂಡರೆ ಆ ಎರಡು ತಿಂಗಳು ಕೈಕೊಡುತ್ತದೆ. ಹನ್ನೆರಡು ಕಂತು ಮಾಡಿ ಅಂತ ಕೌನ್ಸಿಲ್‌ಗೆ ಕೇಳಿಕೊಳ್ಳಬಹುದು.

ಸ್ವಿಚ್ ಒತ್ತುವ ದಿನ

ಇದು ಸುಲಭದ ಭಾಗ. ಹೊಸ ಬ್ಯಾಂಕಿನಲ್ಲಿ ಖಾತೆ ತೆರೆದು, ಹಳೆಯ ಖಾತೆಯ ಸಾರ್ಟ್ ಕೋಡ್ (ಬ್ಯಾಂಕು, ಶಾಖೆ ಗುರುತಿಸುವ ಸಂಖ್ಯೆ), ಖಾತೆ ಸಂಖ್ಯೆ, ಕಾರ್ಡಿನ ವಿವರ ಕೊಡಿ. ದಿನ ಗೊತ್ತು ಮಾಡಿ. ಏಳು ಕೆಲಸದ ದಿನಗಳಲ್ಲಿ ಉಳಿದದ್ದನ್ನೆಲ್ಲ ಅವರೇ ಮಾಡುತ್ತಾರೆ. ಹಳೆಯ ಬ್ಯಾಂಕಿಗೆ ನೀವು ಫೋನ್ ಕೂಡ ಮಾಡಬೇಕಿಲ್ಲ. ಹಳೆಯ ಖಾತೆಗೆ ಯಾರಾದರೂ ದುಡ್ಡು ಹಾಕಿದರೆ ಕನಿಷ್ಠ ಮೂರು ವರ್ಷ ಹೊಸ ಖಾತೆಗೇ ತಿರುಗಿ ಬರುತ್ತದೆ. ನಡುವೆ ಎಡವಟ್ಟಾಗಿ ದಂಡ, ಬಡ್ಡಿ ಬಿದ್ದರೆ ಕ್ಯಾಸ್‌ನ ಗ್ಯಾರಂಟಿಯ ಪ್ರಕಾರ ವಾಪಸ್ ಕೊಡುತ್ತಾರೆ.

ಒಂದು ಕೆಲಸ ಮಾತ್ರ ನಿಮ್ಮದೇ. ಸ್ವಿಚ್‌ಗೆ ಮೊದಲು ಹಳೆಯ ಖಾತೆಯ ಸ್ಟೇಟ್‌ಮೆಂಟುಗಳನ್ನೆಲ್ಲ ಪಿಡಿಎಫ್ ಮಾಡಿ ಇಳಿಸಿಕೊಳ್ಳಿ. ಖಾತೆ ಮುಚ್ಚಿದ ಮೇಲೆ ಲಾಗಿನ್ ಸಿಗದೇ ಹೋಗಬಹುದು. ಇಲ್ಲಿ ಹುಟ್ಟಿ ಬೆಳೆದವರಿಗೆ ಇದು ಅಷ್ಟು ಮುಖ್ಯ ಅಲ್ಲ. ನಮಗೆ ಹಾಗಲ್ಲ. ಸಂಗಾತಿಯ ವೀಸಾಗೆ ಆರು ತಿಂಗಳ ಸ್ಟೇಟ್‌ಮೆಂಟ್ ಕೇಳುತ್ತಾರೆ, ಮನೆ ಸಾಲಕ್ಕೆ ಮೂರು ತಿಂಗಳದ್ದು ಕೇಳುತ್ತಾರೆ. ಸಂಬಳದ ಖಾತೆ ಮುಟ್ಟಬೇಡಿ ಅಂದದ್ದಕ್ಕೆ ಇದೂ ಒಂದು ಕಾರಣ.

ಗಂಡ ಹೆಂಡತಿ ಇಬ್ಬರೂ ಇದ್ದರೆ ಜಂಟಿ ಖಾತೆಗೆ ಹೋಗದೆ ಬೇರೆ ಬೇರೆ ಖಾತೆಯಲ್ಲಿ ಸ್ವಿಚ್ ಮಾಡಿ. ಬೋನಸ್ ಲೆಕ್ಕ ಸಾಮಾನ್ಯವಾಗಿ ಖಾತೆಗೆ ಒಂದು. ಒಬ್ಬರ ಖಾತೆಯನ್ನು ಜಂಟಿ ಖಾತೆಗೆ ಸ್ವಿಚ್ ಮಾಡಬಹುದು, ಆದರೆ ಜಂಟಿ ಖಾತೆಯನ್ನು ಒಬ್ಬರ ಹೆಸರಿಗೆ ಸ್ವಿಚ್ ಮಾಡಲು ಬರುವುದಿಲ್ಲ.

ದುಡ್ಡು ಸುತ್ತಿಸುವ ಆಟ

‘ತಿಂಗಳಿಗೆ 1,500 ಪೌಂಡ್ ಒಳಗೆ ಬರಬೇಕು’ ಅಂದರೆ ಸಂಬಳವನ್ನೇ ತರಬೇಕು ಅಂತ ಹಲವರು ತಿಳಿಯುತ್ತಾರೆ. ಬಹಳ ಕಡೆ ಹಾಗಿಲ್ಲ. ದುಡ್ಡು ಬಂದರೆ ಸಾಕು, ಅಲ್ಲೇ ಕೂರಬೇಕಿಲ್ಲ. ಸಂಬಳದ ಖಾತೆಯಿಂದ 1,500 ಕಳಿಸಿ, ಮರುದಿನ ವಾಪಸ್ ತನ್ನಿ. ಎರಡಕ್ಕೂ ಸ್ಟ್ಯಾಂಡಿಂಗ್ ಆರ್ಡರ್ ಹಾಕಿದರೆ ಮರೆಯುವ ಭಯವೂ ಇಲ್ಲ. ಅದೇ 1,500 ಮೂರು ಬ್ಯಾಂಕ್ ಸುತ್ತಿ ಮನೆಗೆ ಬರಬಹುದು. ಬೇರೆ ಬ್ಯಾಂಕಿನಿಂದ ಬಂದದ್ದನ್ನಷ್ಟೇ ಲೆಕ್ಕಕ್ಕೆ ಹಿಡಿಯುವ ಬ್ಯಾಂಕುಗಳಿವೆ, ಗಮನಿಸಿ. ಎಲ್ಲಾದರೂ ‘ಸಂಬಳವೇ ಬರಬೇಕು’ ಅಂತ ಸ್ಪಷ್ಟವಾಗಿ ಬರೆದಿದ್ದರೆ ಆ ಆಫರ್ ಬಿಟ್ಟುಬಿಡಿ.

ಆದರೆ ತಾರೀಕು! 2024ರ ಆಗಸ್ಟಿನಲ್ಲಿ ನನ್ನ ಸ್ಟ್ಯಾಂಡಿಂಗ್ ಆರ್ಡರ್ 31ಕ್ಕೆ ಇತ್ತು. ಅವತ್ತು ಶನಿವಾರ. ವಾರಾಂತ್ಯಕ್ಕೆ ಬಿದ್ದ ಸ್ಟ್ಯಾಂಡಿಂಗ್ ಆರ್ಡರ್ ಮುಂದಿನ ಕೆಲಸದ ದಿನಕ್ಕೆ ಹೋಗುತ್ತದೆ. ಅಂದರೆ ಸೋಮವಾರ, ಸೆಪ್ಟೆಂಬರ್ 2. ಆಗಸ್ಟಿಗೆ ಒಂದು ಪೈಸೆಯೂ ಬರಲಿಲ್ಲ, ಸೆಪ್ಟೆಂಬರಿಗೆ ಎರಡು ಸಲ ಬಂತು. ಆ ತಿಂಗಳ ರಿವಾರ್ಡ್ ಹೋಯಿತು. ಬ್ಯಾಂಕಿನ ಚಾಟ್‌ನಲ್ಲಿ ಅರ್ಧ ಗಂಟೆ ವಾದ ಮಾಡಿದೆ. ತಪ್ಪು ನನ್ನದೇ ಇತ್ತು. ಈಗ ಎಲ್ಲ ಸ್ಟ್ಯಾಂಡಿಂಗ್ ಆರ್ಡರುಗಳೂ 5ನೇ ತಾರೀಕಿನಿಂದ 10ರ ಒಳಗೆ.

ತಿಂಗಳ ರಿವಾರ್ಡ್: ಕೈಗೆ ಉಳಿಯುವುದೆಷ್ಟು?

ಬೋನಸ್ ಒಂದೇ ಸಲ. ರಿವಾರ್ಡ್ ಖಾತೆಗಳು ತಿಂಗಳು ತಿಂಗಳು ಕೊಡುತ್ತವೆ, ಆದರೆ ಹಲವು ಕಡೆ ಶುಲ್ಕವನ್ನೂ ಕೀಳುತ್ತವೆ. ನ್ಯಾಟ್‌ವೆಸ್ಟ್‌ನ ರಿವಾರ್ಡ್ ಖಾತೆ ಹಲವು ವರ್ಷ ಹೇಗಿತ್ತು ನೋಡಿ. ತಿಂಗಳಿಗೆ 1,250 ಪೌಂಡ್ ಒಳಗೆ ಬರಬೇಕು. ತಲಾ 2 ಪೌಂಡಿಗೆ ಕಮ್ಮಿಯಿಲ್ಲದ ಎರಡು ಡೈರೆಕ್ಟ್ ಡೆಬಿಟ್ ಹೋದರೆ 4 ಪೌಂಡ್. ಆ್ಯಪ್‌ಗೆ ಒಮ್ಮೆ ಲಾಗಿನ್ ಆದರೆ 1. ಶುಲ್ಕ 2. ಉಳಿದದ್ದು 3. ವರ್ಷಕ್ಕೆ 36 ಪೌಂಡ್. ಒಂದು ತಿಂಗಳು ಷರತ್ತು ತಪ್ಪಿದರೆ ಬರುವ 5 ಹೋಗುವುದಷ್ಟೇ ಅಲ್ಲ, ಶುಲ್ಕದ 2 ಕೂಡ ಹೋಗುತ್ತದೆ.

ಹ್ಯಾಲಿಫ್ಯಾಕ್ಸ್ ರಿವಾರ್ಡ್ ಖಾತೆಯ ಲೆಕ್ಕ ಇನ್ನೂ ಮಜವಾಗಿತ್ತು. 1,500 ಪೌಂಡ್ ಬಂದರೆ 3 ಪೌಂಡಿನ ಶುಲ್ಕ ಮಾಫಿ. ಮೇಲೆ 5 ಪೌಂಡ್ ಬೇಕಾದರೆ ಡೆಬಿಟ್ ಕಾರ್ಡಿನಲ್ಲಿ 500 ಖರ್ಚು ಮಾಡಬೇಕು, ಅಥವಾ ಖಾತೆಯಲ್ಲಿ ಸದಾ 5,000 ಇಡಬೇಕು. ಕಾರ್ಡು ಉಜ್ಜುವುದು ಬೇಡ, 5,000 ಇಟ್ಟುಬಿಡುತ್ತೇನೆ ಅಂತ ನನ್ನ ಗೆಳೆಯನೊಬ್ಬ ಹೊರಟಿದ್ದ. ಐದು ಸಾವಿರಕ್ಕೆ ವರ್ಷಕ್ಕೆ 60 ಪೌಂಡ್ ಅಂದರೆ ಶೇ 1.2. ಅದೇ ದುಡ್ಡು ಶೇ 4ರ ಉಳಿತಾಯ ಖಾತೆಯಲ್ಲಿದ್ದರೆ 200 ಬರುತ್ತದೆ. ರಿವಾರ್ಡ್ ಹೋಗಲಿ, ಅವನು 140 ಪೌಂಡನ್ನು ಬ್ಯಾಂಕಿಗೇ ಬಿಟ್ಟುಕೊಡಲು ಹೊರಟಿದ್ದ.

ಇಂಥದ್ದೇ ಇನ್ನೊಂದು ಕಣ್ಕಟ್ಟು ಶೇ 7ರ ರೆಗ್ಯುಲರ್ ಸೇವರ್. ಫಸ್ಟ್ ಡೈರೆಕ್ಟ್ ಗಿರಾಕಿಗಳಿಗೆ ತಿಂಗಳಿಗೆ 300 ಪೌಂಡಿನಂತೆ ಹನ್ನೆರಡು ತಿಂಗಳು ಕಟ್ಟುವ ಅವಕಾಶ ಇತ್ತು. 3,600ಕ್ಕೆ ಶೇ 7 ಅಂದರೆ 252 ಅಂತ ಹಿಗ್ಗಬೇಡಿ. ಮೊದಲ ಕಂತಷ್ಟೇ ಇಡೀ ವರ್ಷ ಇರುತ್ತದೆ, ಕೊನೆಯದು ಒಂದೇ ತಿಂಗಳು. ಬರುವುದು ಸುಮಾರು 136. ಆದರೂ ಇದು ಒಳ್ಳೆಯದೇ. ಸುಮ್ನೆ ಬಿಡಬೇಡಿ. ನನ್ನ ಮಟ್ಟಿಗೆ 3 ಪೌಂಡಿನ ರಿವಾರ್ಡ್‌ಗಿಂತ ಇದು ಎಷ್ಟೋ ವಾಸಿ. ನಮ್ಮ ಪಿಗ್ಮಿಯ ತಂಗಿ ಅನ್ನಿ.

ಯಾವಾಗ ಮಾಡಬಾರದು

ಮುಂದಿನ ಆರು ತಿಂಗಳಲ್ಲಿ ಮನೆ ಸಾಲಕ್ಕೆ ಹಾಕುವವರಿದ್ದರೆ ಈ ಆಟ ಬೇಡ. ಹೊಸ ಖಾತೆ ತೆರೆದಾಗ ಬ್ಯಾಂಕು ನಿಮ್ಮ ಕ್ರೆಡಿಟ್ ಫೈಲ್ ನೋಡಿದರೆ ಅದರ ಗುರುತು ಉಳಿಯುತ್ತದೆ. ಓವರ್‌ಡ್ರಾಫ್ಟ್ (ಖಾತೆಯಲ್ಲಿ ದುಡ್ಡು ಮುಗಿದ ಮೇಲೂ ತೆಗೆಯಲು ಬಿಡುವ ಸಾಲ) ಕೇಳಿದರಂತೂ ಖಂಡಿತ. ಕೇಳಲೇಬೇಡಿ. ಎರಡು ತಿಂಗಳಲ್ಲಿ ನಾಲ್ಕು ಖಾತೆ ತೆರೆದವನನ್ನು ಸಾಲ ಕೊಡುವವರು ಅನುಮಾನದಿಂದ ನೋಡುತ್ತಾರೆ. ವರ್ಷಕ್ಕೆ ಒಂದೋ ಎರಡೋ ಸಾಕು. 175 ಪೌಂಡಿನ ಆಸೆಗೆ ಮನೆ ಸಾಲದ ಬಡ್ಡಿ ಕಾಲು ಪರ್ಸೆಂಟ್ ಏರಿದರೆ ಲಾಭ ಯಾರಿಗೆ?

ಇನ್ನು ಊರಿಗೆ ವಾಪಸ್ ಹೊರಟವರಿಗೆ ಒಂದು ಮಾತು. ಬೋನಸ್ ತಗೊಂಡು ಮರೆತುಬಿಟ್ಟ ಖಾತೆಗಳನ್ನು ಹೊರಡುವ ಮೊದಲೇ ಮುಚ್ಚಿ. ಭಾರತದಲ್ಲಿ ತೆರಿಗೆ ಲೆಕ್ಕಕ್ಕೆ ಪೂರ್ಣ ನಿವಾಸಿ ಆದ ಮೇಲೆ ವಿದೇಶದ ಪ್ರತಿಯೊಂದು ಖಾತೆಯನ್ನೂ ರಿಟರ್ನ್‌ನ ‘ಶೆಡ್ಯೂಲ್ ಎಫ್‌ಎ’ಯಲ್ಲಿ ತೋರಿಸಬೇಕು. ಅದರಲ್ಲಿ 11 ಪೌಂಡ್ ಇದ್ದರೂ ಅಷ್ಟೇ. ಬೆಂಗಳೂರಿನಲ್ಲಿ ಕೂತು ಮುಚ್ಚೋಣ ಅಂದರೆ ಬ್ಯಾಂಕಿನ ಒಟಿಪಿ ನೀವು ಬಿಟ್ಟುಬಂದ ಬ್ರಿಟನ್ ನಂಬರಿಗೆ ಹೋಗುತ್ತಿರುತ್ತದೆ.